ಬಲಗೈ ಭಾಷೆಯೂ ಹೆಬ್ಬೆಟ್ಟಿನ ಗುರುತೂ

ಮಲೆಯ ಮಹದೇಶ್ವರನ ಕಾವ್ಯವನ್ನು ಕಂಸಾಳೆಯ ಗತ್ತಿಗೆ ರಾತ್ರಿಯಿಡೀ ಹಾಡುವ ದೇವರಗುಡ್ಡರು ಸಂಕಮ್ಮನ ಸಾಲಿಗೆ ಬಂದರೆಂದರೆ, ಅದುವರೆಗೆ ಕಂಬಕ್ಕೊರಗಿ ತೂಕಡಿಸುತ್ತಿದ್ದ ಮುದುಕಿಯರೂ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತುಕೊಳ್ಳುವುದನ್ನು ಹನೂರಿನ ಸೀಮೆಯಲ್ಲಿ ನಾನು ಕಂಡಿದ್ದೇನೆ. ಕಾಡಿಗೆ ಹೊರಟ ನೀಲೇಗೌಡನು, ತಾನಿಲ್ಲದ ಕಾಲದಲ್ಲಿ ಶೀಲ ಕೆಡದಂತೆ ನಡೆದುಕೊಳ್ಳುವೆನೆಂದು ಬಲಗೈ ಭಾಷೆ ಕೊಡಬೇಕೆಂದು ಹೆಂಡತಿಯನ್ನು ಕೇಳುತ್ತಾನೆ; ಸಂಕಮ್ಮನು ಕೊಡಲೊಲ್ಲಳು. ಅವನು ಹಿಂಸಿಸುತ್ತಾನೆ, ಬಂಧನದಲ್ಲಿಡುತ್ತಾನೆ. ಆಗಲೂ ಆ ಕೈ ಮುಂದೆ ಬರುವುದಿಲ್ಲ. ಕಟ್ಟಕಡೆಗೆ ಮಾದಪ್ಪನೇ, ಆ ಮಹದೇಶ್ವರನೇ, ಬಂದು ಅವಳ ಕಟ್ಟು ಬಿಡಿಸಿ, ಬಂಜೆಯೆನಿಸಿಕೊಂಡಿದ್ದ ಆಕೆಗೆ ಕಾರಯ್ಯ ಬಿಲ್ಲಯ್ಯರೆಂಬ ಇಬ್ಬರು ಮಕ್ಕಳ ವರವನ್ನು ಕೊಡುತ್ತಾನೆ. ತಪ್ಪು ಮಾಡುವ ಎಣಿಕೆ ಅವಳಲ್ಲಿ ಇದ್ದಿತೆಂದು ಈ ಸೀಮೆಯ ಯಾವ ಹೆಂಗಸೂ ಭಾವಿಸಿದವಳಲ್ಲ. ಬಲವಂತದಿಂದ ಹಿಂಡಿ ತೆಗೆದ ಮಾತು ಮಾತೇ ಅಲ್ಲವೆಂಬ ಅರಿವು, ಶಾಸನಸಭೆಗಳಲ್ಲಿ ಅದು ಚರ್ಚೆಗೆ ಬರುವುದಕ್ಕೆ ಎಷ್ಟೋ ಮೊದಲೇ, ಈ ಬೆಟ್ಟಗಳ ಹಾಡಿನಲ್ಲಿ ನೆಲೆಗೊಂಡಿದ್ದಿತು.

ಗರ್ಭಪಾತದ ವಿಷಯದಲ್ಲಿ ಸ್ತ್ರೀಯ ಸಮ್ಮತಿಯೆಂದರೇನು, ಅದನ್ನು ಕೊಡತಕ್ಕವರು ಯಾರು, ಕೊಡುವ ಮುನ್ನ ಆಕೆಗೆ ತಿಳಿದಿರಬೇಕಾದುದು ಎಷ್ಟು ಎಂಬ ವಿವಾದದ ಕಥೆಯನ್ನು ನಾನು ಕೊಳ್ಳೇಗಾಲ, ಹನೂರು, ಯಳಂದೂರುಗಳ ಕಡೆಯಿಂದ ಹೇಳಹೊರಟಿರುವುದಕ್ಕೆ ಸಂಕಮ್ಮನೊಬ್ಬಳೇ ಕಾರಣಳಲ್ಲ. ಒಂದೇ ನುಡಿಯನ್ನಾಡುವ, ಒಂದೇ ದೇವರಿಗೆ ಹರಕೆ ಹೊರುವ ಈ ನೆರೆಯ ಊರುಗಳು ಒಂದೂವರೆ ಶತಮಾನಕ್ಕೂ ಮಿಕ್ಕು ಎರಡು ಪ್ರಭುತ್ವಗಳ ಕೆಳಗೆ ಹಂಚಿಹೋಗಿದ್ದುವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕೊಳ್ಳೇಗಾಲವೂ ಅದಕ್ಕೆ ಸೇರಿದ ಹನೂರಿನ ಕಾಡುಮೇಡೂ ಇಂಗ್ಲಿಷರ ಪಾಲಾಗಿ, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದುವು. ಸುವರ್ಣಾವತಿಯ ದಡದ ಯಳಂದೂರಾದರೋ ಮೈಸೂರಿನಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಯಿತು. ಎತ್ತಿನ ಗಾಡಿಯಲ್ಲಿ ಹೊತ್ತೇರುವುದರೊಳಗೆ ತಲುಪಬಹುದಾದ ಎರಡು ಊರುಗಳಲ್ಲಿ ಒಂದರ ಬಾಣಂತಿಯ ಹಿತಚಿಂತನೆ ಮದರಾಸಿನ ಸೆಕ್ರೆಟೇರಿಯಟ್ಟಿನದು, ಇನ್ನೊಂದರದು ಮೈಸೂರಿನ ಅರಮನೆಯದು. ಈ ಗೆರೆ ಅಳಿಸಿಹೋದದ್ದು 1956ರ ನವೆಂಬರ್ 1ರಂದು.

ಆದರೆ ಗೆರೆಯ ಎರಡು ಪಕ್ಕಗಳಲ್ಲಿಯೂ ದಂಡದ ನಿಯಮವು ಒಂದೇ ಆಗಿದ್ದಿತು. ಮೆಕಾಲೆಯ ಕರಡಿನಿಂದ ಮೂಡಿದ 1860ರ ದಂಡಸಂಹಿತೆಯು ತನ್ನ 312ನೆಯ ಕಲಮಿನಲ್ಲಿ, ತಾಯಿಯ ಪ್ರಾಣವನ್ನುಳಿಸುವ ಸದುದ್ದೇಶದ ಹೊರತಾಗಿ ಗರ್ಭವನ್ನು ಬೀಳಿಸಿದವರಿಗೆ 3 ವರ್ಷಗಳವರೆಗೆ, ಗರ್ಭದಲ್ಲಿ ಜೀವ ಸಂಚರಿಸತೊಡಗಿದ ಮೇಲಾದರೆ 7 ವರ್ಷಗಳವರೆಗೆ ಸೆರೆಯನ್ನು ವಿಧಿಸಿತು. 313ನೆಯ ಕಲಮು, ಹೆಂಗಸಿನ ಒಪ್ಪಿಗೆಯಿಲ್ಲದೆ ಈ ಕೃತ್ಯವನ್ನು ಮಾಡಿದವನಿಗೆ ಜೀವಾವಧಿಯವರೆಗಿನ ಶಿಕ್ಷೆಯನ್ನು ಇರಿಸಿತು. ಹೀಗೆ ‘ಸಮ್ಮತಿ’ ಎಂಬ ಶಬ್ದವು ನಮ್ಮ ಕಾನೂನಿನೊಳಕ್ಕೆ ಬಂದುದು ಅಪರಾಧದ ತೂಕವನ್ನು ಅಳೆಯುವ ಬಟ್ಟಾಗಿ. ಆಕೆ ಒಪ್ಪಿದ್ದರೆ ಬೀಳಿಸಿದವನ ಶಿಕ್ಷೆ ಕಡಿಮೆಯಾಗುತ್ತಿತ್ತು. ಆದರೆ ಒಪ್ಪಿದ ತಪ್ಪಿಗಾಗಿ ಆಕೆಯೂ ಅಪರಾಧಿಯಾಗುತ್ತಿದ್ದಳು. ‘ಹೌದು’ ಎಂದ ಹೆಣ್ಣನ್ನು ಸೆರೆಮನೆಗೆ ಕಳುಹಿಸುವ ಸಮ್ಮತಿಯೊಂದು ನೂರ ಹತ್ತು ವರ್ಷಗಳ ಕಾಲ ಈ ದೇಶದಲ್ಲಿ ನಡೆದುಬಂದಿತು.

ಆ ನೂರ ಹತ್ತು ವರ್ಷಗಳಲ್ಲಿ ಹಳ್ಳಿಗಳಲ್ಲಿ ನಡೆದುದೇನೆಂಬುದನ್ನು ದಫ್ತರಗಳು ಹೇಳವು. ಬಸುರು ನಿಂತ ವಿಧವೆ, ಎಂಟನೆಯ ಹೆರಿಗೆಗೆ ಹೆದರಿದ ಕೂಲಿಯವಳು, ಮನೆಯವರಿಗೆ ತಿಳಿಯಬಾರದೆಂದು ಒದ್ದಾಡುವ ಕನ್ನೆ, ಇವರು ಹೋಗುತ್ತಿದ್ದುದು ಮದ್ದು ಬಲ್ಲವಳ ಬಳಿಗೆ; ಅವಳ ಕೈಯಲ್ಲಿದ್ದುದು ಎಕ್ಕದ ಕಡ್ಡಿ, ಕಷಾಯದ ಬೇರು. ‘ತೆಗೆಸಿಕೊಳ್ಳುವುದು’, ‘ಇಳಿಸಿಕೊಳ್ಳುವುದು’ ಎಂಬ ಮಾತುಗಳನ್ನು ನಮ್ಮ ಹೆಂಗಸರು ಇಂದಿಗೂ ಧ್ವನಿ ತಗ್ಗಿಸಿಯೇ ಆಡುತ್ತಾರೆ. ಜ್ವರ ಬಂದು ಸತ್ತಳೆಂದು ಊರಿಗೆ ಹೇಳಲ್ಪಟ್ಟ ಎಷ್ಟು ಸಾವುಗಳು ಆ ಕಡ್ಡಿಯಿಂದಾದುವೋ, ಲೆಕ್ಕವಿಟ್ಟವರಿಲ್ಲ.

ಗೆರೆಯ ಯಳಂದೂರಿನ ಪಕ್ಕದಲ್ಲಿ ಮಾತ್ರ ಒಂದು ಸಣ್ಣ ಬೆಳಕು ಮೊದಲು ಕಾಣಿಸಿಕೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1930ರ ಜೂನ್ ತಿಂಗಳಿನಲ್ಲಿ ಮೈಸೂರು ಸರ್ಕಾರವು ತನ್ನ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸರ್ಕಾರವೊಂದು ತಾನೇ ಮುಂದಾಗಿ ಇಂತಹ ಚಿಕಿತ್ಸಾಲಯಗಳನ್ನು ತೆರೆದುದು ಜಗತ್ತಿನಲ್ಲಿಯೇ ಮೊದಲೆಂದು ಇತಿಹಾಸಕಾರರು ಇದನ್ನು ಎತ್ತಿ ಹೇಳುತ್ತಾರೆ. ಗರ್ಭಪಾತದ ಮಾತು ಅಲ್ಲಿ ಇರಲಿಲ್ಲ. ಇದ್ದುದು ಗರ್ಭ ನಿಲ್ಲದಂತೆ ನೋಡಿಕೊಳ್ಳುವ ಉಪಾಯ ಮಾತ್ರ. ಆದರೂ ಹೆಣ್ಣಿನ ಒಡಲಿನ ವಿಷಯವನ್ನು ವೈದ್ಯರು ಆಕೆಗೇ ವಿವರಿಸಿ ಹೇಳತಕ್ಕದ್ದೆಂಬ ನಡವಳಿಕೆ ಅಲ್ಲಿ ಮೊಳೆತಿತೆಂಬುದನ್ನು ನಾನು ಹೆಚ್ಚಿನದೆಂದೇ ಎಣಿಸುತ್ತೇನೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗಕ್ಕಿದ್ದು ‘ಹದಿಬದೆಯ ಧರ್ಮ’ವನ್ನು ಬರೆದ ಹೊನ್ನಮ್ಮನು ಈ ಯಳಂದೂರಿನವಳೇ. ಪತಿವ್ರತೆಯ ಕಟ್ಟಳೆಗಳನ್ನೆಲ್ಲ ಎಣಿಸಿ ಹೇಳಿದ ಆ ಗ್ರಂಥದ ನಡುವೆಯೇ ಹೆಣ್ಣನ್ನು ಹೀಗಳೆಯುವವರನ್ನು ಆಕೆ ನೇರವಾಗಿ ಪ್ರಶ್ನಿಸಿದಳು. ತನ್ನ ಹೆರಿಗೆಯ ಬಗ್ಗೆ ತಾನೇ ನಿರ್ಧರಿಸಬಲ್ಲ ಹೆಣ್ಣು ಆಕೆಯ ಊಹೆಗೂ ಬಂದಿರಲಾರಳು. ಆ ಹಾದಿ ಅಷ್ಟು ಉದ್ದವಾದುದು.

ಸ್ವಾತಂತ್ರ್ಯವು ಬಂದ ಮೇಲೆ, ಹೆಂಗಸರ ಸಾವಿಗಿಂತ ಹೆಚ್ಚಾಗಿ ಜನಸಂಖ್ಯೆಯ ಚಿಂತೆಯೇ ದೆಹಲಿಯನ್ನು ಕಾಡತೊಡಗಿದ ದಿನಗಳಲ್ಲಿ, 1964ರಲ್ಲಿ ಮಹಾರಾಷ್ಟ್ರದ ಆರೋಗ್ಯ ಮಂತ್ರಿ ಶಾಂತಿಲಾಲ್ ಷಾ ಅವರ ಅಧ್ಯಕ್ಷತೆಯಲ್ಲಿ ಗರ್ಭಪಾತದ ಪ್ರಶ್ನೆಯನ್ನು ಪರಿಶೀಲಿಸಲು ಒಂದು ಸಮಿತಿಯು ನೇಮಕವಾಯಿತು. 1966ರ ಡಿಸೆಂಬರಿನಲ್ಲಿ ಅದು ಸಲ್ಲಿಸಿದ ವರದಿಯು, 50 ಕೋಟಿ ಜನರ ದೇಶದಲ್ಲಿ ವರ್ಷಕ್ಕೆ 65 ಲಕ್ಷ ಗರ್ಭಗಳು ಬೀಳುತ್ತವೆಂದೂ ಅವುಗಳಲ್ಲಿ 39 ಲಕ್ಷ ಬೇಕೆಂದೇ ಬೀಳಿಸಿದುವೆಂದೂ ಅಂದಾಜು ಮಾಡಿತು. ಬ್ರಿಟನ್ನು 1967ರಲ್ಲಿ ತನ್ನ ಕಾನೂನನ್ನು ಸಡಿಲಿಸಿತು. 1969ರಲ್ಲಿ ನಮ್ಮ ರಾಜ್ಯಸಭೆಗೆ ಬಂದ ಮಸೂದೆಯು ಎರಡು ಸದನಗಳನ್ನೂ ದಾಟಿ 1971ರ ಆಗಸ್ಟ್ 10ರಂದು ರಾಷ್ಟ್ರಪತಿಗಳ ಅಂಕಿತವನ್ನು ಪಡೆದು, ಆ ವರ್ಷದ 34ನೆಯ ಅಧಿನಿಯಮವಾಯಿತು. ಅದು ಜಾರಿಗೆ ಬಂದುದು 1972ರ ಏಪ್ರಿಲ್ 1ರಂದು. ರಾಜ್ಯದ ಹೆಸರು ಇನ್ನೂ ಮೈಸೂರೇ ಆಗಿದ್ದಿತು, ದೇವರಾಜ ಅರಸರು ಮುಖ್ಯಮಂತ್ರಿಗಳಾಗಿ ಎರಡು ವಾರಗಳೂ ಕಳೆದಿರಲಿಲ್ಲ.

ಈ ಅಧಿನಿಯಮದ 3ನೆಯ ಕಲಮಿನ 4ನೆಯ ಉಪಕಲಮನ್ನು ನಿಧಾನವಾಗಿ ಓದಬೇಕು. 18 ವರ್ಷ ತುಂಬದವಳ, ಹಾಗೂ ಬುದ್ಧಿವಿಕಲಳಾದವಳ ವಿಷಯದಲ್ಲಿ ಪೋಷಕರ ಲಿಖಿತ ಒಪ್ಪಿಗೆ ಬೇಕು; ಉಳಿದಂತೆ, ಬಸುರಿಯಾದವಳ ಒಪ್ಪಿಗೆಯಿಲ್ಲದೆ ಯಾವ ಗರ್ಭವನ್ನೂ ತೆಗೆಯಕೂಡದು. ಗಂಡನೆಂಬ ಶಬ್ದವು ಈ ಉಪಕಲಮಿನಲ್ಲಿ ಎಲ್ಲಿಯೂ ಇಲ್ಲ. ಅತ್ತೆಯಿಲ್ಲ, ಮಾವನಿಲ್ಲ, ಊರ ಯಜಮಾನನಿಲ್ಲ. ಆ ಕಾಲದ ಶಾಸಕರ ಮನಸ್ಸು ಈ ವಿಷಯದಲ್ಲಿ ಪೂರ್ಣವಾಗಿ ತಿಳಿಯಾಗಿದ್ದಿತೆಂದು ನಾನು ಹೇಳಲಾರೆ. ಏಕೆಂದರೆ ಅದೇ ಅಧಿನಿಯಮವು ಗರ್ಭನಿರೋಧದ ಸಾಧನ ಸೋತಾಗ ವಿವಾಹಿತೆಗೆ ಮಾತ್ರವೇ ಅನುಕೂಲವನ್ನಿತ್ತು, 12 ವಾರಗಳವರೆಗೆ ಒಬ್ಬ ವೈದ್ಯರ, 20 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯಕ್ಕೆ ಎಲ್ಲವನ್ನೂ ಕಟ್ಟಿಹಾಕಿತು. ಬೇಡವೆನ್ನುವ ಅಧಿಕಾರ ಹೆಂಗಸಿಗೆ ಪೂರ್ತಿಯಾಗಿ ದೊರೆಯಿತು. ಬೇಕೆನ್ನುವ ಅಧಿಕಾರ ವೈದ್ಯರ ಮೂಲಕ ಮಾತ್ರ. ಆದರೂ, ಮನೆಯ ಅಡಿಗೆಯ ಉಪ್ಪಿಗೂ ಯಜಮಾನನ ಮುಖ ನೋಡಬೇಕಾಗಿದ್ದ ಕಾಲದಲ್ಲಿ, ಆಕೆಯೊಬ್ಬಳ ಒಪ್ಪಿಗೆಯೇ ಸಾಕೆಂದು ಬರೆದ ಆ ಒಂದು ವಾಕ್ಯಕ್ಕಾಗಿ ನಾನು ಅವರನ್ನು ಕೃತಜ್ಞತೆಯಿಂದ ನೆನೆಯುತ್ತೇನೆ.

ಒಪ್ಪಿಗೆಯನ್ನು ಪಡೆಯುವುದಕ್ಕಾಗಿ ನಿಯಮಗಳು ‘ಸಿ’ ನಮೂನೆಯೆಂಬ ಕಾಗದವೊಂದನ್ನು ನಿಗದಿ ಮಾಡಿದುವು. ಇಂಥವಳಾದ ನಾನು, ಇಂಥವರ ಮಗಳು ಅಥವಾ ಹೆಂಡತಿ, ಸುಮಾರು ಇಷ್ಟು ವಯಸ್ಸು, ಖಾಯಂ ವಿಳಾಸ ಇದು, ಸದ್ಯದ ವಾಸ ಇಲ್ಲಿ, ಇಂಥ ಸ್ಥಳದಲ್ಲಿ ನನ್ನ ಗರ್ಭವನ್ನು ತೆಗೆಯುವುದಕ್ಕೆ ಈ ಮೂಲಕ ಒಪ್ಪಿಗೆ ಕೊಡುತ್ತೇನೆ. ಸ್ಥಳ, ದಿನಾಂಕ, ಸಹಿ. ಅಷ್ಟೇ. ಯಾವ ವಿಧಾನದಿಂದ ತೆಗೆಯುವರು, ನೋವೆಷ್ಟು, ರಕ್ತ ಎಷ್ಟು ದಿನ ಹೋದೀತು, ಜ್ವರ ಬಂದರೆ ಮಾಡತಕ್ಕದ್ದೇನು, ಮುಂದೆ ಮಕ್ಕಳಾಗುವುದಕ್ಕೆ ಬಾಧಕವುಂಟೇ ಇಲ್ಲವೇ, ಇವುಗಳಲ್ಲಿ ಒಂದೂ ಆ ಕಾಗದದಲ್ಲಿಲ್ಲ. ವೈದ್ಯರ ಅಭಿಪ್ರಾಯವನ್ನು ಲಕೋಟೆಯೊಳಗಿಟ್ಟು ಮೊಹರು ಮಾಡಿ ‘ರಹಸ್ಯ’ವೆಂದು ಬರೆದಿಡಬೇಕೆಂಬಷ್ಟು ಎಚ್ಚರಿಕೆ ವಹಿಸಿದ ನಿಯಮಗಳು, ಆಕೆಗೆ ಬಾಯಿಬಿಟ್ಟು ಏನನ್ನು ಹೇಳಬೇಕೆಂಬುದನ್ನು ಆ ನಮೂನೆಯಲ್ಲಿ ಬರೆಯಲಿಲ್ಲ.

ಆ ಖಾಲಿ ಜಾಗದೊಳಕ್ಕೆ ಬೇರೆ ಸಂಗತಿಗಳು ನುಗ್ಗಿದುವು. ಗರ್ಭ ತೆಗೆಸಿಕೊಳ್ಳಲು ಬಂದವಳಿಗೆ, ‘ಆಪರೇಷನ್ನಿಗೂ ಒಪ್ಪಿದರೆ ಮಾಡುತ್ತೇವೆ’ ಎಂದು ಸಂತಾನಹರಣದ ಶಸ್ತ್ರಚಿಕಿತ್ಸೆಯನ್ನೋ ವಂಕಿಯನ್ನೋ ಗಂಟುಹಾಕುವ ಪದ್ಧತಿಯು ದೇಶದ ಹಲವೆಡೆಗಳಲ್ಲಿ ಬೆಳೆಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷದಲ್ಲಿ, 80 ಲಕ್ಷಕ್ಕೂ ಮೀರಿದ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದುವು; ಸಹಿಯೂ ಹೆಬ್ಬೆಟ್ಟೂ ಕಾಗದದ ಮೇಲೆ ಕ್ರಮವಾಗಿಯೇ ಇದ್ದುವು. ಸರ್ಕಾರಿ ವೈದ್ಯರನ್ನು ಕಂಡರೆ ಹೊಲದ ಬದುವಿನ ಹಿಂದೆ ಅವಿತುಕೊಳ್ಳುವ ಭಯವು ಹಳ್ಳಿಗಳಲ್ಲಿ ಬಹುಕಾಲ ಉಳಿಯಿತು; ಒಂದರ ಭಯವು ಇನ್ನೊಂದಕ್ಕೆ ತಗುಲಿ, ನ್ಯಾಯವಾಗಿ ದೊರೆಯಬೇಕಾದ ಚಿಕಿತ್ಸೆಗೂ ಹೆಂಗಸರು ಮದ್ದಿನವಳನ್ನೇ ಹುಡುಕಿಕೊಂಡು ಹೋದರು.

ಸಾಗರದಾಚೆ ಇದೇ ಶಬ್ದವು ಬೇರೊಂದು ಹಾದಿಯನ್ನು ಹಿಡಿದಿದ್ದಿತು. ಪ್ರಾಯಕ್ಕೆ ಬಂದ, ಬುದ್ಧಿ ಸ್ವಸ್ಥವಾಗಿರುವ ಪ್ರತಿಯೊಬ್ಬ ಮನುಷ್ಯನಿಗೂ ತನ್ನ ಶರೀರಕ್ಕೆ ಏನಾಗಬೇಕೆಂಬುದನ್ನು ನಿರ್ಧರಿಸುವ ಹಕ್ಕುಂಟೆಂದು ನ್ಯೂಯಾರ್ಕಿನ ನ್ಯಾಯಾಧೀಶ ಕಾರ್ಡೋಜೋ 1914ರಲ್ಲಿಯೇ ಸಾರಿದ್ದರು. 1957ರಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯವೊಂದು ‘ಅರಿತು ನೀಡಿದ ಸಮ್ಮತಿ’ ಎಂಬ ಮಾತನ್ನು ವೈದ್ಯರ ಮೇಲಣ ಹೊಣೆಯಾಗಿ ನುಡಿಯಿತು. ಗರ್ಭಪಾತಕ್ಕೆ ಬಂದಾಗ ಈ ಸುಂದರವಾದ ತತ್ತ್ವವು ಅಲ್ಲಿ ಎರಡು ಪಕ್ಷಗಳ ನಡುವಣ ಕತ್ತಿಯಾಯಿತು. ಪೆನ್ಸಿಲ್ವೇನಿಯ ರಾಜ್ಯದ ಕಾನೂನು, ಭ್ರೂಣದ ಬೆಳವಣಿಗೆಯನ್ನೂ ಗರ್ಭಪಾತದ ಅಪಾಯಗಳನ್ನೂ ಬೇರೆ ಮಾರ್ಗಗಳನ್ನೂ ವೈದ್ಯನು ತಿಳಿಸತಕ್ಕದ್ದೆಂದೂ, ತಿಳಿಸಿದ ಮೇಲೆ ಆಕೆಯು 24 ಗಂಟೆ ಕಾಯತಕ್ಕದ್ದೆಂದೂ, ವಿವಾಹಿತೆಯು ಗಂಡನಿಗೆ ತಿಳಿಸಿರತಕ್ಕದ್ದೆಂದೂ ವಿಧಿಸಿತು. 1992ರಲ್ಲಿ ಕೇಸಿ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮಾಹಿತಿಯನ್ನೂ ಕಾಯುವಿಕೆಯನ್ನೂ ಎತ್ತಿಹಿಡಿದು, ಗಂಡನಿಗೆ ತಿಳಿಸುವ ಷರತ್ತನ್ನು ಹೊಡೆದುಹಾಕಿತು. ಹುಟ್ಟದ ಜೀವದ ಮೇಲಣ ಕರುಣೆಯಿಂದ ಆ ಕಾನೂನನ್ನು ಬೆಂಬಲಿಸಿದವರ ಮನಸ್ಸನ್ನು ನಾನು ತುಚ್ಛವಾಗಿ ಕಾಣಲಾರೆ. ಭ್ರೂಣಹತ್ಯೆಯನ್ನು ಮಹಾಪಾತಕವೆಂದ ನಮ್ಮ ಧರ್ಮಶಾಸ್ತ್ರಗಳ ದನಿಯೂ, ಹನೂರಿನ ಕಡೆಯ ಮಾರ್ಟಳ್ಳಿಯಂತಹ ಕ್ರೈಸ್ತರ ಊರುಗಳಲ್ಲಿ ಪಾದ್ರಿಗಳು ಬೋಧಿಸುವ ದನಿಯೂ ಅದೇ. ಆದರೆ ತಿಳುವಳಿಕೆಯನ್ನು ಕೊಡುವುದು ಆಕೆಯು ನಿರ್ಧರಿಸಲೆಂದೋ ಹಿಂಜರಿಯಲೆಂದೋ ಎಂಬುದನ್ನು ಕೇಳಲೇಬೇಕಾಗುತ್ತದೆ. 24 ಗಂಟೆಯ ಕಾಯುವಿಕೆಯೆಂಬುದು ಪಟ್ಟಣದವಳಿಗೆ ಒಂದು ರಾತ್ರಿಯ ನಿದ್ರೆ. ಬೆಟ್ಟದೊಳಗಿನ ಹಾಡಿಯಿಂದ ಕೂಲಿ ಬಿಟ್ಟು, ಮಗುವನ್ನು ನೆರೆಯವಳ ವಶಕ್ಕೆ ಕೊಟ್ಟು, ಇರುವ ಒಂದೆರಡು ಬಸ್ಸುಗಳನ್ನು ನಂಬಿ ಬಂದವಳಿಗೆ ಅದು ಮತ್ತೊಮ್ಮೆ ಬರಲಾಗದೆಯೇ ಹೋಗುವುದೆಂದರ್ಥ.

ಕೇಳಿಯೂ ದೊರೆಯದೆ ಹೋದುದರ ಫಲವನ್ನು ಕನ್ನಡ ನಾಡಿನ ಮಗಳೊಬ್ಬಳ ಸಾವು ಜಗತ್ತಿಗೆಲ್ಲ ತೋರಿಸಿಕೊಟ್ಟಿತು. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್, ಐರ್ಲೆಂಡಿನ ಗಾಲ್ವೆಯಲ್ಲಿ 17 ವಾರಗಳ ಗರ್ಭ ಉಳಿಯದೆಂದು ಗೊತ್ತಾದ ಮೇಲೆ ಅದನ್ನು ತೆಗೆಯಿರೆಂದು ಬೇಡಿಕೊಂಡರು. ಭ್ರೂಣದ ಹೃದಯ ಮಿಡಿಯುತ್ತಿರುವವರೆಗೆ ಆಗದೆಂಬ ಉತ್ತರ ಬಂದಿತು. ನಂಜೇರಿ 2012ರ ಅಕ್ಟೋಬರ್ 28ರಂದು ಅವರು ತೀರಿಕೊಂಡಾಗ ವಯಸ್ಸು 31. 2018ರ ಮೇ 25ರಂದು ಐರ್ಲೆಂಡಿನ ಜನರು, ನೂರಕ್ಕೆ 66ಕ್ಕೂ ಮಿಕ್ಕ ಮತಗಳಿಂದ, ತಮ್ಮ ಸಂವಿಧಾನದ ಆ ತಡೆಯನ್ನು ತೆಗೆದುಹಾಕಿದರು. ಬೆಳಗಾವಿಯ ಆ ತಾಯ್ತಂದೆಗಳಿಗೆ ಮತದ ಎಣಿಕೆಯಿಂದ ಮಗಳು ಹಿಂದಿರುಗಲಿಲ್ಲ.

ನಮ್ಮಲ್ಲಿ ಸಮ್ಮತಿಯ ಅರ್ಥವನ್ನು ತಿಳಿಗೊಳಿಸುವ ಕೆಲಸವು ನ್ಯಾಯಾಲಯಗಳ ಪಾಲಿಗೆ ಬಂದಿತು. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ್ದ ಹೆಂಗಸೊಬ್ಬಳ ಗರ್ಭಕೋಶವನ್ನು, ಹೊರಗೆ ಕುಳಿತಿದ್ದ ತಾಯಿಯ ಸಹಿ ಪಡೆದು ತೆಗೆದುಹಾಕಿದ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗದೆಂದೂ, ಪ್ರಾಯಸ್ಥಳ ಪರವಾಗಿ ತಾಯಿಯೂ ಒಪ್ಪಲಾರಳೆಂದೂ 2008ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮರುವರ್ಷ ಬಂದುದು ನನ್ನ ಮನಸ್ಸನ್ನು ಇನ್ನೂ ಹೆಚ್ಚಾಗಿ ಕಲಕಿದ ಮೊಕದ್ದಮೆ. ಚಂಡೀಗಢದ ಸರ್ಕಾರಿ ಆಶ್ರಯಧಾಮದಲ್ಲಿದ್ದ, ಬುದ್ಧಿಯ ಬೆಳವಣಿಗೆ ಕುಂಠಿತವಾಗಿದ್ದ ಅನಾಥ ತರುಣಿಯೊಬ್ಬಳು ಬಲಾತ್ಕಾರದಿಂದ ಬಸುರಿಯಾದಳು; ಅವಳ ಹಿತಕ್ಕೆಂದೇ ಗರ್ಭವನ್ನು ತೆಗೆಸಬೇಕೆಂದು ಹೈಕೋರ್ಟು ಆಜ್ಞೆ ಮಾಡಿತು; ಅವಳೋ ಮಗು ಬೇಕೆಂದಳು. ಬುದ್ಧಿಮಾಂದ್ಯವೂ ಮಾನಸಿಕ ರೋಗವೂ ಒಂದಲ್ಲ, ಅವಳ ಮಾತನ್ನು ಮೀರುವ ಹಕ್ಕು ರಾಜ್ಯಕ್ಕಿಲ್ಲವೆಂದು ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದುಪಡಿಸಿತು. ‘ಒಲ್ಲೆ’ ಎಂದ ಆ ನಿರ್ಗತಿಕಳ ದನಿಯಲ್ಲಿ ನನಗೆ ಸಂಕಮ್ಮನೇ ಕೇಳಿಸಿದಳು. 2017ರಲ್ಲಿ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 1971ರ ಅಧಿನಿಯಮಕ್ಕೆ 2021ರಲ್ಲಿ ಬಂದ ತಿದ್ದುಪಡಿಯು ಗಂಡನೆಂಬ ಮಾತಿದ್ದೆಡೆ ಸಂಗಾತಿಯೆಂದು ಬರೆದು, ಕೆಲವರಿಗೆ ಅವಧಿಯನ್ನು 24 ವಾರಗಳಿಗೆ ಏರಿಸಿತು. 2022ರ ಸೆಪ್ಟೆಂಬರ್ 29ರ ತೀರ್ಪು ಅವಿವಾಹಿತೆಯರಿಗೂ ಅದೇ ಹಕ್ಕನ್ನು ಕೊಟ್ಟುದಲ್ಲದೆ, ಮನೆಯವರ ಒಪ್ಪಿಗೆಯೇ ಮೊದಲಾದ ಕಾನೂನಿನಲ್ಲಿಲ್ಲದ ಷರತ್ತುಗಳನ್ನು ವೈದ್ಯರು ಹೇರುವುದು ಶೋಚನೀಯವೆಂದು ಸ್ಪಷ್ಟವಾಗಿ ನುಡಿಯಿತು.

ತೀರ್ಪುಗಳ ಮಾತು ಬೆಟ್ಟವನ್ನೇರಬೇಕಾದರೆ ಆಸ್ಪತ್ರೆಯು ಮೊದಲು ಏರಬೇಕು. ಯಳಂದೂರಿನ ಮೇಲಣ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಎಚ್. ಸುದರ್ಶನರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿ ಸೋಲಿಗರ ನಡುವೆ ನೆಲೆಸಿದುದೂ, ಅವರ ಕರುಣಾ ಟ್ರಸ್ಟು 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಣೆ ಹೊತ್ತುದೂ ಈ ಸೀಮೆಯ ವೈದ್ಯಚರಿತ್ರೆಯಲ್ಲಿ ದೊಡ್ಡ ಸಂಗತಿಗಳು. ಮೆಚ್ಚಿದವನೊಡನೆ ಹುಡುಗಿಯು ಕಾಡಿಗೆ ಹೋಗಿ, ಹಿಂದಿರುಗಿ, ಕುಲದ ಹಿರಿಯರ ಮುಂದೆ ಸಣ್ಣದೊಂದು ತಪ್ಪುಕಾಣಿಕೆ ಕೊಟ್ಟು ಗೃಹಿಣಿಯಾಗುವುದು ಸೋಲಿಗರಲ್ಲಿ ಬಹುಕಾಲದ ರೂಢಿ. ತನ್ನ ಬಾಳಿಗೆ ತಾನೇ ಒಪ್ಪಿಗೆ ಕೊಡುವುದು ಅವಳಿಗೆ ಹೊಸತಲ್ಲ. ಕಾಗದ, ಮಸಿ, ಸರ್ಕಾರದ ಭಾಷೆ, ಇವು ಅವಳಿಗೆ ಹೊಸವು. ಇತ್ತ ನೆರೆಯ ಮಂಡ್ಯದ ಆಲೆಮನೆಯೊಂದರಲ್ಲಿ ಕದ್ದು ಭ್ರೂಣದ ಲಿಂಗವನ್ನು ಪತ್ತೆಮಾಡುತ್ತಿದ್ದ ಜಾಲವು 2023ರಲ್ಲಿ ಬಯಲಾದಾಗ, ಹೆಣ್ಣೆಂದು ತಿಳಿದು ತೆಗೆಸಿದ ಆ ಗರ್ಭಗಳಿಗೆ ಒಪ್ಪಿಗೆ ಕೊಟ್ಟವರು ಯಾರೆಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದುಂಟು.

2022ರ ತೀರ್ಪನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ, ಬಂಧುವೊಬ್ಬರ ಶುಶ್ರೂಷೆಗೆಂದು ಬಹಳ ವರ್ಷಗಳ ಹಿಂದೆ ಈ ಕಡೆಯ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಕಳೆದ ಮಧ್ಯಾಹ್ನವೊಂದು ನೆನಪಾಯಿತು. ಹಸಿರು ನೂಲಿನ ಸೀರೆಯುಟ್ಟ, ಇಪ್ಪತ್ತೆರಡೋ ಇಪ್ಪತ್ತಮೂರೋ ಇದ್ದಿರಬಹುದಾದ ಹೆಂಗಸು, ಕಂಕುಳಲ್ಲಿ ಒಂದು ಮಗು, ಪಕ್ಕದಲ್ಲಿ ಸೆರಗು ಹಿಡಿದ ಇನ್ನೊಂದು. ಕಾಗದವನ್ನೂ ಮಸಿಯ ಡಬ್ಬಿಯನ್ನೂ ಮುಂದಿಟ್ಟ ದಾದಿಯು ‘ಇಲ್ಲಿ ಒತ್ತಮ್ಮ’ ಎಂದಳು. ‘ಏನ ಬರ್ದದ ಅವ್ವ ಇದ್ರಲ್ಲಿ?’ ಎಂದು ಆಕೆ ಕೇಳಿದಳು. ದಾದಿಗೆ ಪುರುಸೊತ್ತಿರಲಿಲ್ಲ; ಹೊರಗೆ ಸಾಲು ಉದ್ದವಾಗಿದ್ದಿತು. ಕಾಗದವನ್ನು ಈಸಿಕೊಂಡು ನಾನೇ ಓದಿ ಹೇಳಿದೆ. ಗಮನವಿಟ್ಟು ಕೇಳಿ, ‘ಅಂಗಾದ್ರ ಒತ್ತದು ನಾನೇ ತಾನೆ?’ ಎಂದಳು. ನಾನು ಹೌದೆಂದೆ. ಹೆಬ್ಬೆಟ್ಟನ್ನು ಮಸಿಗೆ ಅದ್ದಿ, ಹೊಲಿಗೆ ಹಾಕುವವಳ ನಾಜೂಕಿನಿಂದ, ಗೆರೆಯ ಮೇಲೆಯೇ ಬೀಳುವಂತೆ ಒತ್ತಿದಳು. ಆಗ ದಾದಿ, ‘ಗಂಡ ಎಲ್ಲಿ? ಅವನದೂ ಬೇಕು’ ಎಂದಳು. ಕೊಡಗಿನ ತೋಟದ ಕೆಲಸಕ್ಕೆ ಹೋಗಿದ್ದಾನೆ, ಹಬ್ಬಕ್ಕೆ ಬರುತ್ತಾನೆಂದು ಉತ್ತರ ಬಂದಿತು. ‘ಬಂದ ಮೇಲೆ ಕರೆದುಕೊಂಡು ಬಾ.’

3ನೆಯ ಕಲಮಿನ 4ನೆಯ ಉಪಕಲಮು ಅಂದಿಗೆ ಹುಟ್ಟಿ ಎಷ್ಟೋ ವರ್ಷಗಳಾಗಿದ್ದುವು. ನನಗೆ ಗೊತ್ತಿರಲಿಲ್ಲ, ಸುಮ್ಮನೆ ಕುಳಿತೆ. ಹಬ್ಬಕ್ಕೆ ಇನ್ನೂ ಎರಡು ತಿಂಗಳಿದ್ದಿತು. ಆಕೆ ಸ್ವಲ್ಪ ಹೊತ್ತು ಆ ಕಾಗದವನ್ನೇ ನೋಡುತ್ತ ನಿಂತಿದ್ದು, ಕಿಟಕಿಯ ಪಕ್ಕದ ಸುಣ್ಣದ ಗೋಡೆಗೆ ಬೆರಳನ್ನು ಒರಸಿದಳು. ಗೋಡೆಯ ಆ ಭಾಗವೆಲ್ಲ ಅಂತಹವೇ ನೀಲಿಯ ಗೆರೆಗಳಿಂದ ತುಂಬಿದ್ದಿತು. ಆಮೇಲೆ ಮಗುವನ್ನು ಕಂಕುಳಿಗೆ ಏರಿಸಿಕೊಂಡು, ರಾಮಾಪುರದ ಬಸ್ಸು ಹೊರಟೀತೆಂದು ಬೇಗ ಬೇಗ ಮೆಟ್ಟಲಿಳಿದು ಹೋದಳು.